ಸೆಲ್ಫ್ ಒತ್ತಿದರೂ ಸದ್ದಿಲ್ಲವೇ? ಬ್ಯಾಟರಿ ಬದಲಿಸುವ ಮೊದಲು ಸ್ವಿಚ್ಚುಗಳನ್ನು ನೋಡಿ

ಜೂನ್ ಅರ್ಧ ಕಳೆದ ಮೇಲೆ ಮುಂಬಯಿ, ಪುಣೆ, ಗೋವಾದ ಗ್ಯಾರೇಜುಗಳಲ್ಲಿ ಒಂದೇ ದೂರು ಪದೇ ಪದೇ ಕೇಳಿಸುತ್ತದೆ: ನಿನ್ನೆ ಸಂಜೆವರೆಗೆ ಸರಿಯಿತ್ತು, ಬೆಳಿಗ್ಗೆ ಸೆಲ್ಫ್ ಒತ್ತಿದರೆ ಏನೂ ಇಲ್ಲ. ಡೊಂಬಿವಲಿ ಸ್ಟೇಷನ್ನಿನ ಹೊರಗೆ ದಿನವಿಡೀ ಮಳೆಯಲ್ಲಿ ನೆನೆದ ಬೈಕಿಗೂ, ವಾಸ್ಕೋದಲ್ಲಿ ಉಪ್ಪುಗಾಳಿಗೆ ನಿಂತ ಸ್ಕೂಟರಿಗೂ, ಪಿಂಪ್ರಿಯಿಂದ ಬೆಳಗಾವಿಗೆ ಮಳೆಯಲ್ಲೇ ಹೋಗಿ ಬಂದ ಗಾಡಿಗೂ ಇದೇ ರೋಗ. ಹೆಚ್ಚಿನವರು ಮೊದಲು ಮಾಡುವ ಕೆಲಸ ಹೊಸ ಬ್ಯಾಟರಿ ಹಾಕಿಸುವುದು. ಆಮೇಲೆ ರಿಲೇ (ಗುಂಡಿಯ ಸಣ್ಣ ಕರೆಂಟಿನಿಂದ ಸೆಲ್ಫ್ ಮೋಟರಿಗೆ ದೊಡ್ಡ ಕರೆಂಟ್ ಬಿಡುವ ಸ್ವಿಚ್), ಆಮೇಲೆ ಸೆಲ್ಫ್ ಮೋಟರಿನ ಬ್ರಶ್. ಇಷ್ಟೆಲ್ಲ ಆದ ಮೇಲೆ ಕ್ಲಚ್ ಲಿವರಿನ ಬುಡದಲ್ಲಿರುವ ಬೆರಳಿನ ತುದಿಯಷ್ಟು ಸ್ವಿಚ್ಚೇ ತಪ್ಪಿತಸ್ಥ ಎಂದು ಗೊತ್ತಾಗುತ್ತದೆ.

ಸ್ವಿಚ್ ಕೆಡುವುದೆಂದರೆ ಬಲ್ಬ್ ಸುಟ್ಟ ಹಾಗೆ ಒಮ್ಮೆಲೇ ಕೆಡುವುದಲ್ಲ. ಒಳಗಿನ ತಾಮ್ರದ ಮೇಲೆ ಕಿಲುಬು ಕೂರುತ್ತದೆ, ಪ್ರತಿರೋಧ ಸ್ವಲ್ಪ ಸ್ವಲ್ಪವೇ ಏರುತ್ತದೆ. ಕೆಲವು ತಿಂಗಳು ಎರಡನೇ ಸಲ ಒತ್ತಿದಾಗ, ಮೂರನೇ ಸಲ ಒತ್ತಿದಾಗ ಗಾಡಿ ಎದ್ದೇಳುತ್ತದೆ. ಆಮೇಲೊಂದು ದಿನ ಪೂರ್ತಿ ನಿಲ್ಲುತ್ತದೆ. ಆದ್ದರಿಂದ ಸ್ವಿಚ್ಚಿನಲ್ಲಿ ಕರೆಂಟ್ ಹೋಗುತ್ತಿದೆಯೇ ಎಂದು ಕೇಳಿದರೆ ಸಾಲದು. ಬೇಕಾದಷ್ಟು ಹೋಗುತ್ತಿದೆಯೇ ಎಂದು ಕೇಳಬೇಕು. ಕೆಳಗಿನ ಪರೀಕ್ಷೆಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇವೆ.

ಮೊದಲು ಬರಿಗೈಯಲ್ಲಿ

ಸ್ಪಾನರ್ ಎತ್ತುವ ಮೊದಲು ಬಲಗೈ ಹತ್ತಿರದ ಕೆಂಪು ಕಿಲ್ ಸ್ವಿಚ್, ಅಂದರೆ ಎಂಜಿನ್ ನಿಲ್ಲಿಸುವ ಸ್ವಿಚ್, ರನ್ ಕಡೆಗಿದೆಯೇ ನೋಡಿ. ಪಾರ್ಕಿಂಗಿನಲ್ಲಿ ಪಕ್ಕದ ಗಾಡಿ ಎಳೆಯುವವರ ಕೈ ತಾಗಿ ಅದು ಆಫ್ ಆಗಿರುವುದು ಬಹಳ ಸಾಮಾನ್ಯ. ಸೈಡ್ ಸ್ಟ್ಯಾಂಡ್ ಪೂರ್ತಿ ಮೇಲಿರಲಿ, ಗೇರು ನ್ಯೂಟ್ರಲ್ಲಿನಲ್ಲಿರಲಿ, ಕ್ಲಚ್ ಹಿಡಿಗೆ ತಾಗುವವರೆಗೆ ಒತ್ತಿರಲಿ. ಸ್ಕೂಟರಾದರೆ ಬ್ರೇಕ್ ಹಿಡಿದಿರಲಿ. ಇಷ್ಟಾದ ಮೇಲೂ ಏಳದಿದ್ದರೆ ಕಿವಿಗೊಟ್ಟು ಕೇಳಿ.

ಗುಂಡಿ ಒತ್ತಿದಾಗ ಸೀಟಿನ ಕೆಳಗೆ ಅಥವಾ ಸೈಡ್ ಕವರಿನ ಒಳಗೆ ಗಟ್ಟಿಯಾಗಿ ಒಂದು 'ಟಕ್' ಕೇಳಿ, ಎಂಜಿನ್ ತಿರುಗದಿದ್ದರೆ ಸ್ವಿಚ್ಚುಗಳು ತಮ್ಮ ಕೆಲಸ ಮಾಡಿವೆ ಎಂದರ್ಥ. ರಿಲೇವರೆಗೆ ಕರೆಂಟ್ ಬಂದಿದೆ. ತಪ್ಪು ಬ್ಯಾಟರಿಯಲ್ಲಿ, ದಪ್ಪ ಕೇಬಲ್ಲಿನಲ್ಲಿ, ರಿಲೇಯ ಒಳಗಿನ ದೊಡ್ಡ ಕಾಂಟ್ಯಾಕ್ಟಿನಲ್ಲಿ ಅಥವಾ ಮೋಟರಿನಲ್ಲಿ ಇರುತ್ತದೆ. 'ಟಕಟಕಟಕ' ಎಂದು ಬಡಿದುಕೊಂಡರೆ ಬಹುಮಟ್ಟಿಗೆ ಬ್ಯಾಟರಿ ಇಳಿದಿದೆ ಅಥವಾ ಅದರ ಟರ್ಮಿನಲ್ ಸಡಿಲವಾಗಿದೆ. ಸದ್ದೇ ಇಲ್ಲ, ಆದರೆ ಹಾರ್ನ್ ಗಟ್ಟಿಯಾಗಿ ಹೊಡೆಯುತ್ತಿದೆ ಎಂದರೆ ಅನುಮಾನ ಸ್ವಿಚ್ಚುಗಳ ಮೇಲೆ ತಿರುಗುತ್ತದೆ. ಹಾರ್ನ್ ಹೊಡೆಸುವಷ್ಟು ಶಕ್ತಿ ಇರುವ ಬ್ಯಾಟರಿಗೆ ಎಂಜಿನ್ ತಿರುಗಿಸಲು ಆಗದೇ ಹೋಗಬಹುದು, ಆದರೆ ರಿಲೇಯನ್ನು 'ಟಕ್' ಅನ್ನಿಸಲು ಖಂಡಿತ ಆಗಬೇಕು.

ಹೆಡ್‌ಲೈಟ್ ನೋಡಿ ಬ್ಯಾಟರಿ ಅಳೆಯುವ ಹಳೆಯ ಅಭ್ಯಾಸ ಈಗಿನ ಗಾಡಿಗಳಲ್ಲಿ ಮೋಸ ಮಾಡುತ್ತದೆ. 2017ರ ಏಪ್ರಿಲ್‌ನಿಂದ ಹೆಡ್‌ಲೈಟ್ ತಾನೇ ಉರಿಯುವ ವ್ಯವಸ್ಥೆ ಕಡ್ಡಾಯವಾಗಿದೆ, ಹಲವು ಮಾಡೆಲ್‌ಗಳಲ್ಲಿ ಎಂಜಿನ್ ಓಡಿದ ಮೇಲಷ್ಟೇ ಅದು ಬೆಳಗುತ್ತದೆ. ಹಾರ್ನ್ ಮತ್ತು ಬ್ರೇಕ್ ಲೈಟನ್ನೇ ನಂಬಿ.

ಇನ್ನೊಂದು ಅಪವಾದವಿದೆ. ಆಕ್ಟಿವಾ 6ಜಿಯಂಥ ಸ್ಕೂಟರುಗಳಲ್ಲಿ ಆಲ್ಟರ್ನೇಟರೇ ಸ್ಟಾರ್ಟರ್ ಕೆಲಸವನ್ನೂ ಮಾಡುತ್ತದೆ, ಬೇರೆ ಸೆಲ್ಫ್ ಮೋಟರಿಲ್ಲ. ಅಲ್ಲಿ ಈ 'ಟಕ್' ಪರೀಕ್ಷೆ ನಡೆಯದು. ಬ್ರೇಕ್ ಸ್ವಿಚ್, ಸ್ಟ್ಯಾಂಡ್ ಸ್ವಿಚ್, ಫ್ಯೂಸ್ ನೋಡಿ, ಅಲ್ಲಿಗೂ ಸಿಗದಿದ್ದರೆ ಸರ್ವೀಸ್ ಸೆಂಟರಿನ ಸ್ಕ್ಯಾನರಿಗೆ ಬಿಡುವುದೇ ಒಳ್ಳೆಯದು.

ಕಿಕ್ಕರ್ ಇರುವ ಗಾಡಿಯಾದರೆ ಒಂದು ಕಿಕ್ ಅರ್ಧ ಉತ್ತರ ಕೊಡುತ್ತದೆ. ಕಿಕ್ಕಿಗೆ ಎದ್ದಿತು, ಸೆಲ್ಫಿಗೆ ಏಳಲಿಲ್ಲ ಎಂದರೆ ಸ್ಪಾರ್ಕ್, ಪೆಟ್ರೋಲ್, ಕಿಲ್ ಸ್ವಿಚ್ ಎಲ್ಲ ಬಹುತೇಕ ಸರಿ. ದೋಷ ಗುಂಡಿ, ಕ್ಲಚ್ ಸ್ವಿಚ್, ನ್ಯೂಟ್ರಲ್ ಸ್ವಿಚ್, ರಿಲೇ ಇವುಗಳಲ್ಲೇ. ಸೆಲ್ಫಿನಲ್ಲಿ ಎಂಜಿನ್ ಚೆನ್ನಾಗಿ ತಿರುಗುತ್ತದೆ ಆದರೆ ಹಚ್ಚಿಕೊಳ್ಳುವುದಿಲ್ಲ ಎಂದರೆ ಹುಡುಕಬೇಕಾದ್ದು ಬೇರೆ ಗುಂಪನ್ನು: ಕಿಲ್ ಸ್ವಿಚ್, ಇಗ್ನಿಷನ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್. ಈ ಎರಡು ಗುಂಪನ್ನು ಕಲಸಿಕೊಳ್ಳದಿದ್ದರೆ ಅರ್ಧ ಕೆಲಸ ಮುಗಿದಂತೆ.

ಬೇಕಾಗುವ ಸಾಮಾನು

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಮುಂಬಯಿಯಲ್ಲಿ ಲ್ಯಾಮಿಂಗ್ಟನ್ ರೋಡ್, ಪುಣೆಯಲ್ಲಿ ಬುಧವಾರ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಗೋವಾದವರಿಗೆ ಮಡಗಾಂವ್, ಮಾಪುಸಾದ ಎಲೆಕ್ಟ್ರಿಕಲ್ ಅಂಗಡಿಗಳಿವೆ. ಜೊತೆಗೆ 12 ವೋಲ್ಟ್ 21 ವ್ಯಾಟಿನ ಬ್ರೇಕ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ, ತುದಿಗೆ ಕ್ರೊಕೊಡೈಲ್ ಕ್ಲಿಪ್ ಸಿಕ್ಕಿಸಿ ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ. ಎಲ್ಇಡಿ ಟೆಸ್ಟರ್ ಈ ಕೆಲಸಕ್ಕೆ ಬಾರದು, ಯಾಕೆಂದು ಮುಂದೆ ಗೊತ್ತಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್, 1000 ನಂಬರಿನ ಪಾಲಿಶ್ ಪೇಪರಿನ ಸಣ್ಣ ಪಟ್ಟಿ, ಹಳೆಯ ಟೂತ್‌ಬ್ರಶ್, ಡೈಎಲೆಕ್ಟ್ರಿಕ್ ಗ್ರೀಸ್, ಒಂದಡಿ ಉದ್ದದ ಇನ್ಸುಲೇಟೆಡ್ ವೈರ್ ತುಂಡು ಇವಿಷ್ಟು ಇರಲಿ.

ಬ್ಯಾಟರಿ ಸರಿಯಿದೆಯೇ ಎಂದು ಮೊದಲೇ ಖಚಿತ ಮಾಡಿಕೊಂಡುಬಿಡಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಟರ್ಮಿನಲ್ಲುಗಳ ಮೇಲೆ ಹಿಡಿಯಿರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6ರಿಂದ 12.8 ಇದ್ದರೆ ಪೂರ್ತಿ ಚಾರ್ಜ್, 12.2ರ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ. ರಿಲೇ 'ಟಕ್' ಎನ್ನುವ ಗಾಡಿಯಾದರೆ ಸೆಲ್ಫ್ ಒತ್ತಿ ಹಿಡಿದಾಗಲೂ ನೋಡಿ: 9.6ರ ಕೆಳಗೆ ಬಿದ್ದರೆ ತೊಂದರೆ ಬ್ಯಾಟರಿಯದು, ಈ ಲೇಖನದ್ದಲ್ಲ. ಫ್ಯೂಸನ್ನು ಬರಿಗಣ್ಣಿಂದ ನೋಡಿ ಬಿಡಬೇಡಿ. ಹೊರಗೆಳೆದು ಅದರ ಕಾಲುಗಳನ್ನೂ ಅದು ಕೂರುವ ತೊಟ್ಟಿಯನ್ನೂ ನೋಡಿ. ತಂತಿ ಗಟ್ಟಿಯಾಗಿದ್ದರೂ ಕಾಲಿಗೆ ಹಸಿರು ಕಿಲುಬು ಹತ್ತಿದ್ದರೆ ಫ್ಯೂಸ್ ಇದ್ದೂ ಇಲ್ಲದಂತೆ.

ರಿಲೇಯಿಂದ ಹಿಂದಕ್ಕೆ

ಸಾಮಾನ್ಯವಾಗಿ ಕರೆಂಟಿನ ದಾರಿ ಹೀಗಿರುತ್ತದೆ: ಬ್ಯಾಟರಿ ಪ್ಲಸ್, ಮೇನ್ ಫ್ಯೂಸ್, ಇಗ್ನಿಷನ್ ಸ್ವಿಚ್, ಕಿಲ್ ಸ್ವಿಚ್, ಸೆಲ್ಫ್ ಗುಂಡಿ, ರಿಲೇಯ ಕಾಯಿಲ್ (ಕರೆಂಟ್ ಬಂದಾಗ ರಿಲೇಯನ್ನು 'ಟಕ್' ಎಂದು ಎಳೆಯುವ ತಂತಿಸುರುಳಿ), ಅಲ್ಲಿಂದ ಕ್ಲಚ್ ಸ್ವಿಚ್ ಅಥವಾ ನ್ಯೂಟ್ರಲ್ ಸ್ವಿಚ್ ಮೂಲಕ ಬಾಡಿ ಅರ್ಥ್. ಕೆಲವು ಗಾಡಿಗಳಲ್ಲಿ ಕ್ರಮ ಹಿಂದುಮುಂದಾಗಿರುತ್ತದೆ, ಗುಂಡಿಯೇ ಅರ್ಥ್ ಕೊಡುವ ಬದಿಗಿರುತ್ತದೆ. ಅದಕ್ಕೇ ಒಂದು ತುದಿಯಿಂದ ಊಹೆ ಮಾಡುವ ಬದಲು ನಡುವಿನಿಂದ, ಅಂದರೆ ರಿಲೇಯಿಂದ ಶುರುಮಾಡುವುದು ಜಾಣತನ.

ರಿಲೇಗೆ ಎರಡು ದಪ್ಪ ಕೇಬಲ್, ಎರಡು ತೆಳು ವೈರ್ ಬಂದಿರುತ್ತವೆ. ಕೆಲವದರಲ್ಲಿ ತೆಳು ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕಪ್ಲರಿನಲ್ಲೇ ಮೇನ್ ಫ್ಯೂಸಿನ ವೈರುಗಳೂ ಇರುತ್ತವೆ, ಅವು ಹೆಚ್ಚು ದಪ್ಪ. ತೆಳು ವೈರುಗಳೇ ಕಾಯಿಲಿನವು. ಕಪ್ಲರ್ ಬಿಚ್ಚದೆ, ಹಿಂಬದಿಯಿಂದ ಮೀಟರಿನ ಸೂಜಿಗಳನ್ನು ಆ ಎರಡೂ ತೆಳು ವೈರುಗಳ ಲೋಹಕ್ಕೆ ತಾಗಿಸಿ. ನ್ಯೂಟ್ರಲ್, ಕ್ಲಚ್ ಒತ್ತಿ, ಕಿಲ್ ಸ್ವಿಚ್ ರನ್, ಈಗ ಗುಂಡಿ ಒತ್ತಿಸಿ.

ಮೀಟರ್ 11.5ರಿಂದ 12.5ರವರೆಗೆ ತೋರಿಸಿಯೂ ರಿಲೇ ಸುಮ್ಮನಿದ್ದರೆ ಕೆಟ್ಟಿರುವುದು ರಿಲೇ, ಹೆಚ್ಚಾಗಿ ಅದರ ಕಾಯಿಲ್. ಸೊನ್ನೆ ತೋರಿಸಿದರೆ ದಾರಿ ಎಲ್ಲೋ ಪೂರ್ತಿ ಕಡಿದಿದೆ. 5, 7, 8 ಹೀಗೆ ನಡುವಿನ ಅಂಕೆ ಬಂದರೆ ಯಾವುದೋ ಸ್ವಿಚ್ ಕಿಲುಬು ಹಿಡಿದು ಕರೆಂಟನ್ನು ತಡೆಯುತ್ತಿದೆ. ಮಳೆಗಾಲದಲ್ಲಿ ಹೆಚ್ಚಾಗಿ ಕಾಣುವುದು ಈ ಮೂರನೆಯದು, ಗ್ಯಾರೇಜಿನಲ್ಲಿ ಹೆಚ್ಚಾಗಿ ತಪ್ಪಿಹೋಗುವುದೂ ಇದೇ.

ತಪ್ಪಿಹೋಗುವುದು ಹೇಗೆ ಎಂಬ ಲೆಕ್ಕ ನೋಡಿ. ರಿಲೇ ಕಾಯಿಲಿನ ಪ್ರತಿರೋಧ ಸುಮಾರು 4 ಓಮ್ ಎಂದುಕೊಳ್ಳಿ. 12 ವೋಲ್ಟಿಗೆ 3 ಆಂಪಿಯರ್ ಹರಿಯುತ್ತದೆ, ರಿಲೇ ಗಟ್ಟಿಯಾಗಿ ಹಿಡಿಯುತ್ತದೆ. ಸ್ವಿಚ್ಚಿನ ಕಿಲುಬಿನಿಂದ ಬರೀ 2 ಓಮ್ ಸೇರಿತೆನ್ನಿ: ಒಟ್ಟು 6 ಓಮ್, ಹರಿಯುವುದು 2 ಆಂಪಿಯರ್, ಕಾಯಿಲಿಗೆ ಸಿಗುವುದು 8 ವೋಲ್ಟ್. ರಿಲೇ ಹಿಡಿಯಬಹುದು, ಹಿಡಿಯದೆಯೂ ಇರಬಹುದು. 4 ಓಮ್ ಸೇರಿದರೆ ಕಾಯಿಲಿಗೆ 6 ವೋಲ್ಟ್ ಮಾತ್ರ, ಆಗ ಸದ್ದೇ ಇರುವುದಿಲ್ಲ. ಆದರೆ ಮಲ್ಟಿಮೀಟರಿನ 'ಬೀಪ್' ಪರೀಕ್ಷೆಯಲ್ಲಿ 2 ಓಮಿಗೂ ಬೀಪ್ ಬರುತ್ತದೆ, 4ಕ್ಕೂ ಬರುತ್ತದೆ, ಹಲವು ಮೀಟರುಗಳಲ್ಲಿ 30 ಓಮಿಗೂ ಬರುತ್ತದೆ. ಬೀಪ್ ಕೇಳಿ 'ಸ್ವಿಚ್ ಓಕೆ' ಎಂದು ಮುಚ್ಚಿಟ್ಟರೆ ತಪ್ಪಿತಸ್ಥನನ್ನೇ ಬಿಟ್ಟು ಕಳಿಸಿದ ಹಾಗೆ. ವೈರ್ ಬಿಚ್ಚಿ ಬರೀ ವೋಲ್ಟೇಜ್ ನೋಡಿದರೂ ಅಷ್ಟೇ: ಕರೆಂಟ್ ಹರಿಯದಿದ್ದಾಗ ಕಿಲುಬಿನ ಆಚೆಗೂ 12 ವೋಲ್ಟ್ ಕಾಣುತ್ತದೆ. ಎಲ್ಇಡಿ ಟೆಸ್ಟರ್ ಎಳೆಯುವ ಕರೆಂಟ್ ತೀರಾ ಕಡಿಮೆ, ಹಾಗಾಗಿ ಅದೂ ಹೊಳೆಯುತ್ತದೆ. 21 ವ್ಯಾಟಿನ ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯುತ್ತದೆ, ಕೆಟ್ಟ ಸ್ವಿಚ್ಚಿನ ಮೂಲಕ ಅದು ಮಂಕಾಗಿ ಉರಿದು ಗುಟ್ಟು ಬಿಟ್ಟುಕೊಡುತ್ತದೆ.

ಯಾವ ಸ್ವಿಚ್ ಎಂದು ಹಿಡಿಯಲು ವೋಲ್ಟೇಜ್ ಎಷ್ಟು ಸೋರಿತು ಎಂದು ಅಳೆಯಿರಿ. ಮೀಟರಿನ ಕೆಂಪು ಸೂಜಿ ಬ್ಯಾಟರಿ ಪ್ಲಸ್ಸಿನ ಮೇಲೇ ಇರಲಿ. ಕಪ್ಪು ಸೂಜಿಯನ್ನು ದಾರಿಯುದ್ದಕ್ಕೂ ಒಂದೊಂದು ಹೆಜ್ಜೆ ಮುಂದಿಡುತ್ತಾ ಹೋಗಿ: ಫ್ಯೂಸಿನ ಆಚೆ, ಇಗ್ನಿಷನ್ ಸ್ವಿಚ್ಚಿನ ಆಚೆ, ಕಿಲ್ ಸ್ವಿಚ್ಚಿನ ಆಚೆ, ಗುಂಡಿಯ ಆಚೆ. ಪ್ರತಿ ಸಲವೂ ಗುಂಡಿ ಒತ್ತಿಯೇ ಇರಬೇಕು, ಕರೆಂಟ್ ಹರಿಯದಿದ್ದರೆ ಈ ಅಳತೆಗೆ ಅರ್ಥವಿಲ್ಲ. ಒಂದೊಂದು ಸ್ವಿಚ್ಚಿಗೆ 0.2 ವೋಲ್ಟ್ ಒಳಗೆ ಸೋರಿದರೆ ಚಿಂತೆಯಿಲ್ಲ. ಅಂಕೆ 0.3ರಿಂದ ಒಮ್ಮೆಲೇ 3.8ಕ್ಕೆ ಹಾರಿದ ಕಡೆ ಇರುವ ಸ್ವಿಚ್ಚೇ ಕೆಟ್ಟದ್ದು. ಅರ್ಥ್ ಬದಿಗೂ ಹೀಗೇ: ಕಪ್ಪು ಸೂಜಿ ಬ್ಯಾಟರಿ ಮೈನಸ್ಸಿನ ಮೇಲೆ, ಕೆಂಪು ಸೂಜಿ ರಿಲೇಯ ಅರ್ಥ್ ಬದಿಯ ತೆಳು ವೈರಿನ ಮೇಲೆ. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಕ್ಲಚ್ ಅಥವಾ ನ್ಯೂಟ್ರಲ್ ಸ್ವಿಚ್ ನೋಡಿ.

ವೈರಿನ ಬಣ್ಣ ಎಲ್ಲ ಕಂಪನಿಗಳಲ್ಲೂ ಒಂದೇ ಅಲ್ಲ. ಹೋಂಡಾದಲ್ಲಿ ಅರ್ಥ್ ಹಸಿರು, ಕೀ ತಿರುಗಿಸಿದಾಗ ಬರುವ ಕರೆಂಟ್ ಕಪ್ಪು. ಯಮಹಾದಲ್ಲಿ ಕಪ್ಪೇ ಅರ್ಥ್, ಕೀ ನಂತರದ ಕರೆಂಟ್ ಕಂದು. ಒಂದರ ಅಭ್ಯಾಸದಲ್ಲಿ ಇನ್ನೊಂದಕ್ಕೆ ಕೈಹಾಕಿದರೆ ಫ್ಯೂಸ್ ಹಾರುವುದು ಖಚಿತ, ಆದ್ದರಿಂದ ನಿಮ್ಮ ಮಾಡೆಲಿನ ವೈರಿಂಗ್ ಚಿತ್ರ ಮುಂದಿಟ್ಟುಕೊಳ್ಳಿ.

ಕ್ಲಚ್, ನ್ಯೂಟ್ರಲ್, ಬ್ರೇಕ್

ಕ್ಲಚ್ ಸ್ವಿಚ್ ಲಿವರಿನ ಬುಡದಲ್ಲಿ, ಕೆಳಮುಖವಾಗಿ ಇರುತ್ತದೆ. ಎರಡು ವೈರ್, ಒಂದು ಪುಟ್ಟ ಪ್ಲಾಸ್ಟಿಕ್ ಮೊಳೆ. ಧೂಳು ಮತ್ತು ಮಳೆನೀರು ಸೇರಿ ಮೊಳೆ ಒಳಗೇ ಕಚ್ಚಿಕೊಳ್ಳುತ್ತದೆ. ಲಿವರ್ ಒತ್ತಿ ಬಿಟ್ಟು ಮಾಡಿದಾಗ 'ಟಿಕ್' ಎಂಬ ಸಣ್ಣ ಸದ್ದು ಬರದಿದ್ದರೆ ಅದು ಸತ್ತಿದೆ. ಕಪ್ಲರ್ ಬಿಚ್ಚಿ ಹಾರ್ನೆಸ್ (ಗಾಡಿಯ ವೈರಿಂಗ್) ಕಡೆಯ ಎರಡು ತೂತುಗಳನ್ನು ವೈರ್ ತುಂಡಿನಿಂದ ಜೋಡಿಸಿ, ನ್ಯೂಟ್ರಲ್ಲಿನಲ್ಲಿಟ್ಟು ಗುಂಡಿ ಒತ್ತಿ. ರಿಲೇ ಹಿಡಿದರೆ ಉತ್ತರ ಸಿಕ್ಕಿತು. ಲಿವರಿನ ಬೋಲ್ಟ್ ಸವೆದು ಲಿವರ್ ಅಲ್ಲಾಡುತ್ತಿದ್ದರೆ ಸ್ವಿಚ್ ಸರಿಯಿದ್ದರೂ ಮೊಳೆ ಪೂರ್ತಿ ಬಿಡುಗಡೆಯಾಗುವುದಿಲ್ಲ. ಕಂಪನಿಯದಲ್ಲದ ಲಿವರ್ ಹಾಕಿಸಿದವರಿಗೆ ಈ ಕಾಟ ಹೆಚ್ಚು. ಹಾಗಾದಾಗ ಲಿವರ್ ಬದಲಿಸಿ, ಸ್ವಿಚ್ ಅಲ್ಲ.

ನ್ಯೂಟ್ರಲ್ ಸ್ವಿಚ್ ಎಂಜಿನ್ನಿನ ಎಡಬದಿಯಲ್ಲಿ, ಮುಂದಿನ ಸ್ಪ್ರಾಕೆಟ್ಟಿನ ಕವರಿನ ಹತ್ತಿರ, ಚೈನಿನ ಕೊಳೆ ಎಣ್ಣೆಯ ನಡುವೆ ಇರುತ್ತದೆ. ನ್ಯೂಟ್ರಲ್ಲಿಗೆ ಬಂದಾಗ ಅದರ ವೈರಿಗೆ ಎಂಜಿನ್ ಬಾಡಿಯ ಅರ್ಥ್ ಕೊಡುವುದಷ್ಟೇ ಅದರ ಕೆಲಸ. ನ್ಯೂಟ್ರಲ್ ತೋರಿಸುವ ಹಸಿರು ದೀಪ ಉರಿಯದಿದ್ದರೆ ಆ ವೈರನ್ನು ಕಳಚಿ ಎಂಜಿನ್ ಲೋಹಕ್ಕೆ ತಾಗಿಸಿ: ದೀಪ ಬಂದರೆ ಸ್ವಿಚ್ ಕೆಟ್ಟಿದೆ, ಬರದಿದ್ದರೆ ವೈರ್ ಅಥವಾ ದೀಪ. ಕ್ಲಚ್ ಒತ್ತದೆ ನ್ಯೂಟ್ರಲ್ಲಿನಲ್ಲಿ ಸೆಲ್ಫ್ ಹಿಡಿಯುವುದಿಲ್ಲ, ಹಸಿರು ದೀಪ ಮಾತ್ರ ಸರಿಯಾಗಿ ಉರಿಯುತ್ತಿದೆ ಎಂದರೆ ನಡುವೆ ಇರುವ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹೋಗಿರಬಹುದು. ಗೇರಿನಲ್ಲಿದ್ದಾಗ ಕ್ಲಚ್ ಒತ್ತಿದರೆ ಹಸಿರು ದೀಪ ಹೊತ್ತಿಕೊಂಡರೆ ಅದೇ ಡಯೋಡ್ ಶಾರ್ಟ್ ಆಗಿದೆ. ಈ ಎರಡು ಲಕ್ಷಣ ನೆನಪಿಟ್ಟವರಿಗೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಗೇರಿಲ್ಲದ ಸ್ಕೂಟರುಗಳಲ್ಲಿ ಪರೀಕ್ಷೆ ಇನ್ನೂ ಸುಲಭ. ಬ್ರೇಕ್ ಲೈಟ್ ಉರಿಸುವ ಸ್ವಿಚ್ಚೇ ಸೆಲ್ಫಿಗೂ ಅನುಮತಿ ಕೊಡುತ್ತದೆ. ಎಡ ಲಿವರ್ ಹಿಡಿದು ಹಿಂದೆ ಗೋಡೆಯ ಮೇಲೆ ಕೆಂಪು ಬೆಳಕು ಬಿತ್ತೇ ನೋಡಿ. ಇಲ್ಲವಾದರೆ ಬಲ ಲಿವರ್ ಹಿಡಿದು ನೋಡಿ. ಒಂದಕ್ಕೆ ಬಂದು ಇನ್ನೊಂದಕ್ಕೆ ಬರದಿದ್ದರೆ ಬಾರದ ಬದಿಯ ಸ್ವಿಚ್ ಬದಲಿಸಿ, ಅಲ್ಲಿಯವರೆಗೆ ಇನ್ನೊಂದು ಲಿವರ್ ಹಿಡಿದು ಸ್ಟಾರ್ಟ್ ಮಾಡಬಹುದು. ಎರಡಕ್ಕೂ ಬರದಿದ್ದರೆ ಫ್ಯೂಸಿನಿಂದ ಶುರುಮಾಡಿ.

ಸೈಡ್ ಸ್ಟ್ಯಾಂಡ್

ನ್ಯೂಟ್ರಲ್ಲಿನಲ್ಲಿ ಚೆನ್ನಾಗಿ ಓಡುವ ಎಂಜಿನ್, ಸ್ಟ್ಯಾಂಡ್ ಮೇಲಿದ್ದರೂ ಮೊದಲನೇ ಗೇರ್ ಹಾಕಿದ ಕೂಡಲೇ ಸಾಯುತ್ತದೆಯೇ? ಬೇರೆ ಏನೂ ಹುಡುಕಬೇಡಿ, ಸ್ಟ್ಯಾಂಡಿನ ಸ್ವಿಚ್ ನೋಡಿ. ರಸ್ತೆಯ ಕೆಸರು ನೇರವಾಗಿ ಎರಚುವ ಜಾಗ ಅದು. ನೀರು ಹಾಕಿ ಬ್ರಶ್ಶಿನಿಂದ ಉಜ್ಜಿ, ಸ್ಟ್ಯಾಂಡನ್ನು ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿದರೆ ಎಷ್ಟೋ ಸಲ ಅಲ್ಲೇ ಸರಿಹೋಗುತ್ತದೆ. ಸ್ಟ್ಯಾಂಡಿನ ಸ್ಪ್ರಿಂಗ್ ಸಡಿಲವಾಗಿ ಸ್ಟ್ಯಾಂಡ್ ಸ್ವಲ್ಪ ಜೋತುಬಿದ್ದಿದ್ದರೂ ಇದೇ ಲಕ್ಷಣ, ಹಳ್ಳಕ್ಕಿಳಿದಾಗ ಎಂಜಿನ್ ಒಮ್ಮೆ ಮಿಟುಕಿದಂತಾಗುತ್ತದೆ.

ಎರಡು ವೈರಿನ ಮಾಮೂಲಿ ಸ್ವಿಚ್ಚನ್ನು ಕ್ಲಚ್ ಸ್ವಿಚ್ಚಿನ ಹಾಗೆಯೇ ಪರೀಕ್ಷಿಸಬಹುದು. ಮೂರು ವೈರಿದ್ದರೆ ಅದು ಅಯಸ್ಕಾಂತದಿಂದ ಕೆಲಸ ಮಾಡುವ ಸೆನ್ಸರ್ ಆಗಿರುವ ಸಾಧ್ಯತೆ ಹೆಚ್ಚು. ಅಲ್ಲಿ ವೈರ್ ತುಂಡು ಸಿಕ್ಕಿಸಲು ಹೋಗಬೇಡಿ, ಸೆನ್ಸರಿಗೆ ಬರುವ ವೋಲ್ಟೇಜನ್ನೇ ಶಾರ್ಟ್ ಮಾಡಿಬಿಡುತ್ತೀರಿ. ಸೆನ್ಸರಿನ ಮುಖಕ್ಕೆ ಕಬ್ಬಿಣದ ಪುಡಿ ಅಂಟಿದೆಯೇ ನೋಡಿ ಒರೆಸಿ.

ಈ ಸ್ವಿಚ್ಚನ್ನು 'ಡೈರೆಕ್ಟ್ ಕರೂನ್ ದೇತೋ' (ಸ್ವಿಚ್ ಬಿಟ್ಟು ವೈರನ್ನೇ ನೇರ ಜೋಡಿಸಿಕೊಡುತ್ತೇನೆ) ಎನ್ನುವ ಮೆಕ್ಯಾನಿಕ್ ಭಾವುಗಳು ಪ್ರತಿ ಗಲ್ಲಿಯಲ್ಲೂ ಇದ್ದಾರೆ. ಪರೀಕ್ಷೆಗೆ ಡೈರೆಕ್ಟ್ ಮಾಡಿ, ಮನೆ ತಲುಪುವವರೆಗೂ ಇರಲಿ, ಹಾಗೇ ಬಿಟ್ಟುಬಿಡಬೇಡಿ. ಸ್ಟ್ಯಾಂಡ್ ಇಳಿದೇ ಇರುವುದು ಗೊತ್ತಾಗದೆ ತಾಮ್ಹಿಣಿ ಘಾಟಿಯ ಎಡತಿರುವಿನಲ್ಲಿ ಗಾಡಿ ಬಾಗಿಸಿದರೆ ಸ್ಟ್ಯಾಂಡ್ ರಸ್ತೆಗೆ ಬಡಿದು ಗಾಡಿಯನ್ನೇ ಎತ್ತಿ ಒಗೆಯುತ್ತದೆ. ಆ ಪುಟ್ಟ ಸ್ವಿಚ್ ಇರುವುದೇ ಅದನ್ನು ತಪ್ಪಿಸಲು.

ಕಿಲ್ ಸ್ವಿಚ್ ಎರಡು ಬಗೆ

ಇಲ್ಲಿ ಅನುಭವಿಗಳೂ ಎಡವುತ್ತಾರೆ. ಬ್ಯಾಟರಿ ಸತ್ತರೂ ಕಿಕ್ಕಿಗೆ ಏಳುವ ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ, ಅಂದರೆ ಎಸಿ ಸಿಡಿಐ (ಬ್ಯಾಟರಿಯ ನೆರವಿಲ್ಲದೆ ಸ್ಪಾರ್ಕ್ ಹೊರಡಿಸುವ ಪೆಟ್ಟಿಗೆ) ಇರುವವುಗಳಲ್ಲಿ, ಕಿಲ್ ಸ್ವಿಚ್ ಕರೆಂಟನ್ನು ಕಡಿಯುವುದಿಲ್ಲ. ಸಿಡಿಐಯಿಂದ ಬರುವ ಒಂದು ವೈರನ್ನು ಅರ್ಥಿಗೆ ಮುಟ್ಟಿಸಿ ಸ್ಪಾರ್ಕ್ ನಿಲ್ಲಿಸುತ್ತದೆ. ಕೀ ಆಫ್ ಮಾಡಿದಾಗ ಇಗ್ನಿಷನ್ ಸ್ವಿಚ್ ಮಾಡುವುದೂ ಅದನ್ನೇ. ಅಂಥ ಗಾಡಿಯಲ್ಲಿ ಸ್ವಿಚ್ ಪೂರ್ತಿ ಕಿಲುಬು ಹಿಡಿದರೆ ಎಂಜಿನ್ ಏಳದೇ ಇರುವುದಿಲ್ಲ, ಆಫ್ ಆಗದೇ ಇರುತ್ತದೆ. ಏಳದೇ ಹೋಗುವುದು ಸ್ವಿಚ್ಚಿನೊಳಗೆ ಉಪ್ಪುನೀರು ಸೇರಿ ಆ ವೈರ್ ಸದಾ ಅರ್ಥಿಗೆ ಸೋರುವಾಗ, ಅಥವಾ ಹ್ಯಾಂಡಲಿನ ಬುಡದಲ್ಲಿ ವೈರಿನ ಸಿಪ್ಪೆ ಸವೆದು ಫ್ರೇಮಿಗೆ ತಾಗುವಾಗ. ಪರೀಕ್ಷೆ ಒಂದೇ ಹೆಜ್ಜೆಯದು: ಸಿಡಿಐ ಕಪ್ಲರಿನಿಂದ ಆ ಕಿಲ್ ವೈರನ್ನು ಮಾತ್ರ ಬೇರೆಮಾಡಿ ಸ್ಪಾರ್ಕ್ ನೋಡಿ. ಸ್ಪಾರ್ಕ್ ಬಂದರೆ ಸಿಡಿಐ ಒಳ್ಳೆಯದು, ದೋಷ ಸ್ವಿಚ್ಚಿನದು ಅಥವಾ ಆ ವೈರಿನದು. ಹಾಗೆ ಬೇರ್ಪಡಿಸಿದಾಗ ಕೀಯಿಂದ ಎಂಜಿನ್ ನಿಲ್ಲುವುದಿಲ್ಲ, ನೆನಪಿರಲಿ.

ಈಗಿನ ಫ್ಯೂಯಲ್ ಇಂಜೆಕ್ಷನ್ ಗಾಡಿಗಳಲ್ಲೂ ಬ್ಯಾಟರಿಯ ಕರೆಂಟಿನಿಂದ ಸ್ಪಾರ್ಕ್ ಕೊಡುವ ಡಿಸಿ ಸಿಡಿಐ ಗಾಡಿಗಳಲ್ಲೂ ತಿರುಗುಮುರುಗು. ಕಿಲ್ ಸ್ವಿಚ್ಚಿನ ಮೂಲಕವೇ ಕರೆಂಟ್ ಮುಂದೆ ಹೋಗಬೇಕು, ಕಿಲುಬು ಹಿಡಿದರೆ ಎಂಜಿನ್ನಿಗೆ ಜೀವವಿಲ್ಲ. ಕೀ ಆನ್ ಮಾಡಿ ಟ್ಯಾಂಕಿನ ಕಡೆ ಕಿವಿಗೊಡಿ: ಎರಡು ಮೂರು ಸೆಕೆಂಡು ಫ್ಯೂಯಲ್ ಪಂಪ್ 'ಜುಂಯ್' ಎನ್ನಬೇಕು. ಸದ್ದಿಲ್ಲದಿದ್ದರೆ ಕಿಲ್ ಸ್ವಿಚ್ಚನ್ನು ಹತ್ತು ಹದಿನೈದು ಸಲ ಆಚೀಚೆ ಆಡಿಸಿ ಮತ್ತೆ ಕೇಳಿ. ಆಗ ಸದ್ದು ಬಂದರೆ ತಪ್ಪಿತಸ್ಥ ಸಿಕ್ಕಿದ, ಆದರೆ ರೋಗ ವಾಸಿಯಾಗಿಲ್ಲ. ಬಿಚ್ಚಿ ಸ್ವಚ್ಛಮಾಡುವವರೆಗೆ ಮತ್ತೆ ಮರುಕಳಿಸುತ್ತದೆ. ಗಾಡಿ ಬಿದ್ದು ಎದ್ದ ಮೇಲೆ ಪಂಪ್ ಸುಮ್ಮನಿದ್ದರೆ ವಾಲುವಿಕೆಯ ಸೆನ್ಸರ್ ಎಂಜಿನ್ನನ್ನು ತಡೆದಿರುತ್ತದೆ. ಗಾಡಿ ನೆಟ್ಟಗೆ ನಿಲ್ಲಿಸಿ ಕೀ ಆಫ್ ಮಾಡಿ ಆನ್ ಮಾಡಿ.

ಸ್ಪಾರ್ಕ್ ನೋಡುವಾಗ ಪ್ಲಗ್ಗಿನ ಲೋಹದ ಮೈ ಎಂಜಿನ್ನಿಗೆ ಗಟ್ಟಿಯಾಗಿ ತಾಗಿರಲಿ. ಕ್ಯಾಪನ್ನು ಗಾಳಿಯಲ್ಲಿ ಹಿಡಿದು ಎಂಜಿನ್ ತಿರುಗಿಸಿದರೆ ಸಿಡಿಐ ಅಥವಾ ಇಸಿಯು (ಇಂಜೆಕ್ಷನ್ ಗಾಡಿಯ ಪುಟ್ಟ ಕಂಪ್ಯೂಟರ್) ಸುಡಬಹುದು. ಸುತ್ತ ಪೆಟ್ರೋಲ್ ವಾಸನೆ ಇರಬಾರದು.

ಇಗ್ನಿಷನ್ ಸ್ವಿಚ್

ಕೀ ಆನ್ ಮಾಡಿ, ಹ್ಯಾಂಡಲನ್ನು ಎಡದಿಂದ ಬಲಕ್ಕೆ ಪೂರ್ತಿ ತಿರುಗಿಸಿ. ಹಸಿರು ದೀಪ ಮಿಟುಕಿದರೆ ಸ್ವಿಚ್ಚಿನ ಕೆಳಗಿನ ವೈರು ಸಿಪ್ಪೆಯ ಒಳಗೇ ತುಂಡಾಗುತ್ತಿದೆ. ದಿನವೂ ಬಗ್ಗುವ ಜಾಗ ಅದು, ಸಿಪ್ಪೆ ಗಟ್ಟಿಯಾಗಿದ್ದರೂ ಒಳಗೆ ಎರಡೋ ಮೂರೋ ಎಳೆ ಮಾತ್ರ ಉಳಿದಿರುತ್ತವೆ. ಬೆರಳಿನಿಂದ ಎಳೆದಾಗ ರಬ್ಬರಿನಂತೆ ಹಿಗ್ಗಿದರೆ ಅಲ್ಲೇ ಕತ್ತರಿಸಿ ಬೆಸುಗೆ ಹಾಕಿ. ಬೆಸುಗೆಗೆ ಮುಂಚೆ ಹೀಟ್ ಶ್ರಿಂಕ್ ಕೊಳವೆ ಏರಿಸಲು ಮರೆಯಬೇಡಿ. ಬರೀ ಟೇಪ್ ಸುತ್ತಿದ ಜೋಡಣೆ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ಹ್ಯಾಂಡಲ್ ಅಲ್ಲಾಡಿಸಿದಾಗ ಸರಿಯಿದ್ದು, ಕೀಯನ್ನು ಸ್ವಲ್ಪ ಅಲ್ಲಾಡಿಸಿದರೆ ಕರೆಂಟ್ ಹೋಗಿಬಂದರೆ ಒಳಗಿನ ಕಾಂಟ್ಯಾಕ್ಟ್ ಪ್ಲೇಟ್ ಸವೆದಿದೆ. ಎಷ್ಟೋ ಮಾಡೆಲ್‌ಗಳಲ್ಲಿ ಲಾಕ್ ಮತ್ತು ಅದರ ಅಡಿಯ ಸ್ವಿಚ್ ಪ್ಲೇಟ್ ಬೇರೆ ಬೇರೆ. ಕೆಳಗಿನ ಸ್ಕ್ರೂ ತೆಗೆದರೆ ಪ್ಲೇಟ್ ಕೈಗೆ ಬರುತ್ತದೆ, ಲಾಕ್ ಸೆಟ್ ಪೂರ್ತಿ ಬದಲಿಸಬೇಕಿಲ್ಲ. ಕೀ ತೂತಿಗೆ ಎಂಜಿನ್ ಆಯಿಲ್ ಬಿಡುವ ಅಭ್ಯಾಸ ಬಿಡಿ, ಅದು ಇಳಿದುಹೋಗಿ ಪ್ಲೇಟಿನ ಮೇಲೆ ಧೂಳು ಹಿಡಿದು ಅಂಟಾಗುತ್ತದೆ. ಗ್ರಾಫೈಟ್ ಪುಡಿ ಚಿಟಿಕೆಯಷ್ಟು ಸಾಕು.

ಬಲಗೈ ಸ್ವಿಚ್ ಬಿಚ್ಚುವುದು

ಮೊದಲು ಬ್ಯಾಟರಿ ಮೈನಸ್ ಕಳಚಿ. ಹ್ಯಾಂಡಲಿನ ಅಡಿಯಿಂದ ಎರಡು ಸ್ಕ್ರೂ ತೆಗೆದರೆ ಸ್ವಿಚ್ ಎರಡು ಹೋಳಾಗುತ್ತದೆ. ಆಕ್ಸಿಲರೇಟರ್ ಕೇಬಲ್ ಅದೇ ಹೋಳಿನಲ್ಲಿ ಕೂತಿದ್ದರೆ ಬಿಚ್ಚುವ ಮುಂಚೆ ಫೋಟೊ ತೆಗೆದುಕೊಳ್ಳಿ, ವಾಪಸ್ ಹಾಕುವಾಗ ಕೇಬಲ್ ಸಿಕ್ಕಿಕೊಂಡರೆ ಆಕ್ಸಿಲರೇಟರ್ ಬಿಟ್ಟರೂ ಹಿಂದಕ್ಕೆ ಬರುವುದಿಲ್ಲ. ಒಳಗಿನ ಗುಂಡಿಯನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಿಚ್ಚಿ. ಕಿಲ್ ಸ್ವಿಚ್ಚಿನೊಳಗೆ ಜೋಳದ ಕಾಳಿಗಿಂತ ಚಿಕ್ಕ ಉಕ್ಕಿನ ಗುಂಡು, ಸ್ಪ್ರಿಂಗ್ ಇರುತ್ತವೆ, ಹಾರಿದರೆ ಸಿಗುವುದಿಲ್ಲ.

ತಾಮ್ರದ ಪಟ್ಟಿ ಹಸಿರಾಗಿದ್ದರೆ ಕ್ಲೀನರ್ ಹೊಡೆದು ಬ್ರಶ್ಶಿನಿಂದ ಉಜ್ಜಿ. ಕಪ್ಪಾಗಿದ್ದರೆ 1000 ನಂಬರ್ ಪೇಪರಿನಿಂದ ಮೆಲ್ಲಗೆ, ಹೊಳಪು ಬರುವವರೆಗೆ ಮಾತ್ರ. ಒರಟು ಪೇಪರಿನಿಂದ ಕೆರೆದರೆ ಗೀರುಗಳಲ್ಲಿ ಕಿಲುಬು ಬೇಗ ಮರಳುತ್ತದೆ. ಪೆಟ್ರೋಲಿನಲ್ಲಿ ತೊಳೆಯಬೇಡಿ, ಪ್ಲಾಸ್ಟಿಕ್ ಬಿರುಕುಬಿಡಬಹುದು. ಸ್ಪ್ರಿಂಗ್ ತುಕ್ಕು ಹಿಡಿದು ಕುಗ್ಗಿದ್ದರೆ ಎಷ್ಟು ಸ್ವಚ್ಛ ಮಾಡಿದರೂ ಪ್ರಯೋಜನವಿಲ್ಲ, ಸ್ವಿಚ್ ಬದಲಿಸಿ. ಒಣಗಿದ ಮೇಲೆ ಡೈಎಲೆಕ್ಟ್ರಿಕ್ ಗ್ರೀಸನ್ನು ಅಂಚಿಗೆ, ರಬ್ಬರ್ ಸೀಲಿಗೆ, ಕಪ್ಲರಿನ ಬಾಯಿಗೆ ತೆಳ್ಳಗೆ ಹಚ್ಚಿ. ಚಕ್ರದ ಬೇರಿಂಗಿಗೆ ಹಾಕುವ ಗ್ರೀಸ್ ಇಲ್ಲಿ ಬೇಡವೇ ಬೇಡ, ವರ್ಷದಲ್ಲಿ ಗಟ್ಟಿಯಾಗಿ ಗುಂಡಿಯನ್ನೇ ಅಂಟಿಸುತ್ತದೆ.

ವಾಷಿಂಗ್ ಸೆಂಟರಿನ ಪ್ರೆಶರ್ ಪೈಪನ್ನು ಹ್ಯಾಂಡಲಿನ ಸ್ವಿಚ್ಚಿಗೂ ಕೀ ತೂತಿಗೂ ಹಿಡಿಯಲು ಬಿಡಬೇಡಿ. ಮಳೆನೀರು ಹೊರಗಿನಿಂದ ಹರಿದುಹೋಗುತ್ತದೆ, ಪ್ರೆಶರಿನ ನೀರು ಸೀಲ್ ದಾಟಿ ಒಳಗೆ ನಿಲ್ಲುತ್ತದೆ. ಗೋವಾದ ಕರಾವಳಿಯಲ್ಲಿ, ಮುಂಬಯಿಯ ಸಮುದ್ರದಂಚಿನ ಬಡಾವಣೆಗಳಲ್ಲಿ ಗಾಡಿ ಹೊರಗೆ ನಿಲ್ಲಿಸುವವರು ಮೇ ತಿಂಗಳ ಕೊನೆಗೊಮ್ಮೆ, ದಸರಾ ಹೊತ್ತಿಗೊಮ್ಮೆ ಬಲಗೈ ಸ್ವಿಚ್ ಬಿಚ್ಚಿ ನೋಡುವುದು ಒಳ್ಳೆಯದು. ಪುಣೆಯ ಒಳನಾಡಿಗೆ ವರ್ಷಕ್ಕೊಮ್ಮೆ ಸಾಕು.

ದಾರಿಯಲ್ಲಿ ನಿಂತರೆ

ಚೋರ್ಲಾ ಅಥವಾ ಆಂಬೋಲಿ ಘಾಟಿಯ ಮಳೆಯಲ್ಲಿ ಗಾಡಿ ನಿಂತು, ಮೀಟರ್ ಮನೆಯಲ್ಲಿದ್ದರೆ ಕೀಯನ್ನೂ ಕಿಲ್ ಸ್ವಿಚ್ಚನ್ನೂ ಹಲವು ಸಲ ಆಡಿಸಿ, ಕಿಲುಬು ಸ್ವಲ್ಪ ಉಜ್ಜಿಹೋಗುತ್ತದೆ. ಕ್ಲಚ್ ಸ್ವಿಚ್ಚಿನ ಮೊಳೆಯನ್ನು ಬೆರಳಿನಿಂದ ಎಳೆದು ಬಿಟ್ಟು ನೋಡಿ. ಪಂಪಿನ ಸದ್ದು ಬರುತ್ತಿದೆ ಆದರೆ ಸೆಲ್ಫ್ ಇಲ್ಲ ಎಂದರೆ ಇಳಿಜಾರಿನಲ್ಲಿ ಎರಡನೇ ಗೇರ್ ಹಾಕಿ, ಕ್ಲಚ್ ಒತ್ತಿ ಉರುಳಿಸಿ, ವೇಗ ಬಂದ ಮೇಲೆ ಕ್ಲಚ್ ಬಿಟ್ಟು ಎಬ್ಬಿಸಿ. ಗೇರಿಲ್ಲದ ಸ್ಕೂಟರಿಗೆ ಈ ದಾರಿಯಿಲ್ಲ. ರಿಲೇಯ ಎರಡು ದಪ್ಪ ಬೋಲ್ಟುಗಳನ್ನು ಸ್ಕ್ರೂಡ್ರೈವರಿನಿಂದ ಜೋಡಿಸಿ ಎಬ್ಬಿಸುವವರಿದ್ದಾರೆ. ಹಾಗೆ ಮಾಡಿದಾಗ ಕ್ಲಚ್, ನ್ಯೂಟ್ರಲ್ ಯಾವ ಸ್ವಿಚ್ಚಿನ ಕಾವಲೂ ಇರುವುದಿಲ್ಲ. ಗಾಡಿ ಗೇರಿನಲ್ಲಿದ್ದರೆ ಮುಂದಕ್ಕೆ ಹಾರುತ್ತದೆ, ಕಿಡಿಯೂ ದೊಡ್ಡದಾಗಿ ಹಾರುತ್ತದೆ. ನ್ಯೂಟ್ರಲ್ಲಿನಲ್ಲಿದೆ ಎಂದು ಹಿಂದಿನ ಚಕ್ರ ತಿರುಗಿಸಿ ಖಚಿತ ಮಾಡಿಕೊಳ್ಳದೆ, ಪೆಟ್ರೋಲ್ ಸೋರುತ್ತಿಲ್ಲ ಎಂದು ನೋಡದೆ ಅದಕ್ಕೆ ಕೈಹಾಕಬೇಡಿ.

ರಿಪೇರಿಯಾದ ಮೇಲೆ ಒಮ್ಮೆ ಎದ್ದಿತು ಎಂದು ಬಿಟ್ಟುಬಿಡದೆ, ರಿಲೇಯ ಎರಡು ತೆಳು ವೈರಿನ ಮೇಲಿನ ವೋಲ್ಟೇಜನ್ನು ಗುಂಡಿ ಒತ್ತಿ ಮತ್ತೊಮ್ಮೆ ಅಳೆದು, ಆ ಅಂಕೆಯನ್ನು ತಾರೀಖಿನೊಂದಿಗೆ ಸರ್ವೀಸ್ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಮಳೆಗಾಲಕ್ಕೆ ಮುಂಚೆ ಅಳೆದಾಗ ಅದು 1 ವೋಲ್ಟಿನಷ್ಟು ಇಳಿದಿದ್ದರೆ, ಗಾಡಿ ಇನ್ನೂ ಚೆನ್ನಾಗಿ ಏಳುತ್ತಿರುವಾಗಲೇ ಸ್ವಿಚ್ ಬಿಚ್ಚಿ.